ಗುದ್ದಲಿ ಹಿಡಿದ ಕೈಯ ಪ್ರೇಮಕಥೆಗಳು

ದಾವಣಗೆರೆಯ ಆನೆಕೊಂಡದ ಸುತ್ತ ಆಡಿ ಬೆಳೆದ ನಮಗೆ ಚಿಕ್ಕಂದಿನಲ್ಲಿ ಎರಡು ನಿಧಿಗಳ ಸುದ್ದಿ ಗೊತ್ತಿತ್ತು. ಒಂದು, ಹಳೆಯ ಈಶ್ವರ ಗುಡಿಯ ಆಸುಪಾಸಿನ ನೆಲದಲ್ಲಿ ಹೂತಿದೆಯೆಂದು ದೊಡ್ಡವರು ಪಿಸುಗುಡುತ್ತಿದ್ದ ಹೊನ್ನಿನ ಕೊಪ್ಪರಿಗೆ. ಇನ್ನೊಂದು, ಬಾಡಿಗೆಗೆ ತಂದು ಓದುತ್ತಿದ್ದ ಉರ್ದು ಕಾದಂಬರಿಗಳೊಳಗಿನ ನಿಧಿ. ಅಲ್ಲಿ ಕಣ್ಣು ಹಾಯಿಸಿದಷ್ಟೂ ಸಹರಾ, ಮರಳಿನಲ್ಲಿ ಅರ್ಧ ಮುಳುಗಿದ ಕೋಟೆ, ಕೋಟೆಯ ಕಿಟಕಿಯಲ್ಲಿ ಬುರ್ಖಾದ ಅಂಚು ಸರಿಸಿ ನೋಡುವ ಒಬ್ಬ ಶಹಜಾದಿ. ಮೊದಲನೆಯ ನಿಧಿಯನ್ನು ಯಾರೂ ಕಂಡವರಿರಲಿಲ್ಲ. ಎರಡನೆಯದು ದಿನಕ್ಕೆ ಕೆಲವು ಪೈಸೆಗೆ ಸಿಗುತ್ತಿತ್ತು.

ನಮ್ಮ ದಾದಿಗೆ ಓದಲು ಬರುತ್ತಿರಲಿಲ್ಲ. ಮಗ್ರಿಬ್ ನಮಾಜು ಮುಗಿದ ಮೇಲೆ ನಾವು ಓದುತ್ತಿದ್ದೆವು, ಆಕೆ ಎಲೆ ಅಡಿಕೆ ಮೆಲ್ಲುತ್ತ ಕೇಳುತ್ತಿದ್ದಳು. ಕ್ರುಸೇಡಿನ ಕಾಲದ ಕಥೆಯೊಂದರಲ್ಲಿ ಫಿರಂಗಿ ಹುಡುಗಿ ತನ್ನವರನ್ನೆಲ್ಲ ಬಿಟ್ಟು ಸುಲ್ತಾನನ ಮಗನ ಕುದುರೆ ಏರಿದಾಗ ನಮ್ಮ ಎದೆ ಉಬ್ಬಿತ್ತು. ದಾದಿ ಮಾತ್ರ ಬಾಯಲ್ಲಿದ್ದ ಎಲೆಯನ್ನು ಒಂದು ಕಡೆಗೆ ಸರಿಸಿ ಕೇಳಿದಳು: 'ಉಸ್ಕಿ ಅಮ್ಮಾ ಕ್ಯಾ ಬೋಲೀ ಕತೆ?' ಅವಳ ಅಮ್ಮ ಏನು ಹೇಳಿದಳಂತೆ? ಪುಟ ತಿರುವಿ ಹುಡುಕಿದೆವು. ಆ ಹುಡುಗಿಗೆ ಅಮ್ಮನೇ ಇರಲಿಲ್ಲ. ಅಂದರೆ ಬರೆದವರು ಇಟ್ಟಿರಲಿಲ್ಲ.

ಈ ಪ್ರಶ್ನೆ ನಮಗೆ ಮತ್ತೆ ನೆನಪಾದದ್ದು ಬಹಳ ವರ್ಷಗಳ ನಂತರ, ಹರಿಹರದ ಒಂದು ಹಳೆಯ ಫೋಟೋದ ಜಾಡು ಹಿಡಿದು ಹೋದಾಗ.

ನಮ್ಮ ನಾಡಿನಲ್ಲಿ ಮರುಭೂಮಿ ಇಲ್ಲ. ಆದರೆ ಹೂತುಹೋದ ಊರುಗಳಿಗೆ ಮರಳೇ ಬೇಕೆಂದೇನೂ ಇಲ್ಲವಲ್ಲ. ಇಂದು ದಾವಣಗೆರೆ ನಗರದ ಹೊಟ್ಟೆಯೊಳಗೆ ಸೇರಿಹೋಗಿರುವ ಆನೆಕೊಂಡವನ್ನು ನೋಡಿದವರು, ಇದು 12ನೇ ಶತಮಾನದಲ್ಲಿ ಉಚ್ಚಂಗಿಯ ಪಾಂಡ್ಯರ ಆಳ್ವಿಕೆಯ ಊರಾಗಿತ್ತೆಂದರೆ ನಂಬಲಿಕ್ಕಿಲ್ಲ. ಕಲ್ಯಾಣದ ಚಾಲುಕ್ಯರ ಸಾಮಂತರಾಗಿ ನೊಳಂಬವಾಡಿಯನ್ನು ಆಳಿದ ಈ ಪಾಂಡ್ಯರ ಉಚ್ಚಂಗಿದುರ್ಗವನ್ನು 1177ರಲ್ಲಿ ಹೊಯ್ಸಳ ವೀರಬಲ್ಲಾಳ ಗೆದ್ದ. ಅರಸೊತ್ತಿಗೆ ಹೋಯಿತು, ಗುಡಿ ಉಳಿಯಿತು. ಗುಡಿಯ ಕೆತ್ತನೆಗಿಂತ ಬಸವೇಶ್ವರನ ಕಾರ್ಣಿಕವೇ ಇಂದು ಜನರಿಗೆ ಆನೆಕೊಂಡವನ್ನು ನೆನಪಿಸುವುದು. ಹತ್ತಿರದ ಹರಿಹರದಲ್ಲಿ 1224ರಲ್ಲಿ ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರ ದೇವಾಲಯವಿದೆ. ಒಂದೇ ಮೂರ್ತಿಯಲ್ಲಿ ಅರ್ಧ ಹರ, ಅರ್ಧ ಹರಿ. ಅದೇ ತಾಲೂಕಿನ ಮಲೇಬೆನ್ನೂರಿನಲ್ಲಿ 1920ರಲ್ಲಿ ಹುಟ್ಟಿದ ತ.ರಾ.ಸು. ಮುಂದೆ ದುರ್ಗದ ಪಾಳೇಗಾರರ ಕಥೆಗಳನ್ನು ಬರೆದು ಕನ್ನಡದ ಐತಿಹಾಸಿಕ ಕಾದಂಬರಿಗೆ ಮೈಕಟ್ಟು ಕೊಟ್ಟರು. ಹಾಗಾಗಿ ನಮ್ಮ ಸೀಮೆಗೆ ಚರಿತ್ರೆಯ ರಮ್ಯಕಥೆ ಹೊರಗಿನ ಸರಕಲ್ಲ.

ಹರಿಹರದ ದೇವಾಲಯವನ್ನು 1850ರ ದಶಕದಲ್ಲಿ ಡಾ. ವಿಲಿಯಂ ಪಿಗೌ ಎಂಬ ಸರ್ಕಾರಿ ವೈದ್ಯ ಕ್ಯಾಮರಾದಲ್ಲಿ ಹಿಡಿದ. ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಚಿತ್ರಸಂಪುಟವೊಂದು 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದಕ್ಕೆ ಪಿಗೌ ತೆಗೆದ ಚಿತ್ರಗಳು ಒದಗಿದವು. ಅಮೆರಿಕದ ಅಂತರ್ಯುದ್ಧದ ದಿನಗಳಲ್ಲಿ ಹತ್ತಿಯ ವ್ಯಾಪಾರದಿಂದ ಹಣದ ರಾಶಿ ಕಂಡಿದ್ದ ಮುಂಬಯಿಯ ಪ್ರೇಮಚಂದ ರಾಯಚಂದರಂಥವರ ಧನಸಹಾಯ ಈ ಸಂಪುಟಗಳ ಹಿಂದಿತ್ತು. (ಮುಂದೆ ಹತ್ತಿ ಗಿರಣಿಗಳ ಊರೆಂದೇ ಹೆಸರಾದ ದಾವಣಗೆರೆಯವರಾದ ನಮಗೆ ಇದು ಸಣ್ಣ ಸಂತೋಷದ ವಿಷಯ.) ವಾಸ್ತುಶಿಲ್ಪದ ಟಿಪ್ಪಣಿ ಜೇಮ್ಸ್ ಫರ್ಗುಸನ್ ಬರೆದ. ಈ ನೆಲದ ಚರಿತ್ರೆಯನ್ನು ಬರೆದವನು ಕರ್ನಲ್ ಫಿಲಿಪ್ ಮೆಡೋಸ್ ಟೇಲರ್.

ಟೇಲರನನ್ನು ಹೆಚ್ಚಿನವರು ಠಕ್ಕರ ಕಥೆ ಬರೆದವನೆಂದು ಬಲ್ಲರು. ಸುರಪುರದವರಿಗೆ ಅವನು 'ಟೇಲರ್ ಮಂಜಿಲ್'ನ ಟೇಲರ್ ಸಾಹೇಬ. ನಮಗೆ ಅವನಲ್ಲಿ ಕುತೂಹಲ ಹುಟ್ಟಿದ್ದು ಬೇರೆ ಕಾರಣಕ್ಕೆ. ನೆಲ ಅಗೆದು ಸತ್ತವರನ್ನು ಹುಡುಕುವ ಕೆಲಸವನ್ನೂ, ಸತ್ತ ಕಾಲಕ್ಕೆ ಪ್ರೇಮದ ಉಸಿರು ತುಂಬಿ ಕಾದಂಬರಿ ಬರೆಯುವ ಕೆಲಸವನ್ನೂ ಕರ್ನಾಟಕದ ಮಣ್ಣಿನಲ್ಲಿ ಒಬ್ಬನೇ ಮಾಡಿದ. ನಮ್ಮ ಬಾಲ್ಯದ ಎರಡು ನಿಧಿಗಳೂ ಒಬ್ಬನ ಕೈಯಲ್ಲೇ ಇದ್ದವು.

1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ ಈ ಹುಡುಗ 1824ರಲ್ಲಿ, ಇನ್ನೂ ಹದಿನಾರು ತುಂಬುವ ಮೊದಲೇ, ಮುಂಬಯಿಯ ಒಬ್ಬ ವ್ಯಾಪಾರಿಯ ಕೈಕೆಳಗೆ ದುಡಿಯಲು ಹಡಗು ಹತ್ತಿ ಬಂದ. ಬಂದು ನೋಡಿದರೆ ಆ ವ್ಯಾಪಾರವೇ ಮುಳುಗುವ ಸ್ಥಿತಿಯಲ್ಲಿತ್ತು. ಅದೇ ವರ್ಷ ಹೈದರಾಬಾದಿನ ನಿಜಾಮರ ಸೇನೆಯಲ್ಲಿ ಕೆಲಸ ಸಿಕ್ಕಿತು. ಕಂಪನಿಯ ನೌಕರನಾಗದೆ ನಿಜಾಮನ ನೌಕರನಾದದ್ದು ಅವನ ಬದುಕಿನ ದಿಕ್ಕನ್ನೇ ಬದಲಿಸಿತು. ಹಿಂದುಸ್ತಾನಿ ಕಲಿತ, ಮರಾಠಿ ಕಲಿತ, ಜನರ ನಡುವೆ ತಿರುಗಿದ. 1841ರಿಂದ 1853ರವರೆಗೆ ಸುರಪುರದ ಬೇಡ ನಾಯಕರ ಸಂಸ್ಥಾನದ ಆಡಳಿತ ಅವನ ಕೈಯಲ್ಲಿತ್ತು. ರಾಜ ವೆಂಕಟಪ್ಪ ನಾಯಕ ಆಗಿನ್ನೂ ಬಾಲಕ. ಟೇಲರನನ್ನು 'ಅಪ್ಪ' ಎಂದೇ ಕರೆಯುತ್ತಿದ್ದ.

ಕೃಷ್ಣಾ ಭೀಮಾ ನದಿಗಳ ನಡುವಿನ ಆ ಸೀಮೆ, ನಮ್ಮಲ್ಲಿ ಮರುಭೂಮಿಗೆ ಹತ್ತಿರದ್ದು ಎಂದು ಏನಾದರೂ ಇದ್ದರೆ ಅದೇ. ಬಿರುಬಿಸಿಲು, ಬೋಳು ಗುಡ್ಡ, ಬೇಸಿಗೆಯಲ್ಲಿ ಬಿರುಕು ಬಿಡುವ ಎರೆನೆಲ. ಅಲ್ಲಿ ಸವಾರಿ ಹೋಗುವಾಗಲೆಲ್ಲ ಟೇಲರನಿಗೆ ವಿಚಿತ್ರವಾದ ಕಲ್ಲಿನ ಗುಂಪುಗಳು ಕಾಣತೊಡಗಿದವು. ಕಲ್ಲುಗಳ ಸುತ್ತು, ಅದರ ನಡುವೆ ದಿಬ್ಬ. ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಸಣ್ಣ ಮನೆ. ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಂತೂ ಬಯಲಿನಲ್ಲಿ ಸಾಲುಸಾಲಾಗಿ ಇಟ್ಟ ಬಂಡೆಗಳು. ಜನ ಇವನ್ನು ಮೋರೇರ ಮನೆಗಳೆನ್ನುತ್ತಿದ್ದರು. ಮೋರೇರು ಗೇಣುದ್ದದ ಜನ, ಬೆಂಕಿಯ ಮಳೆ ಬಿದ್ದು ಸತ್ತುಹೋದರು ಎಂಬ ಕಥೆ ಆ ಭಾಗದಲ್ಲಿ ಇಂದಿಗೂ ಇದೆ.

ಟೇಲರ್ ಕಥೆ ಕೇಳಿ ಸುಮ್ಮನಾಗಲಿಲ್ಲ. ಜೇವರ್ಗಿಯ ಬಳಿಯ ಕಲ್ಗುಪ್ಪೆಗಳನ್ನು ಅಗೆಸಿದ. ನಿಧಿಗಳ್ಳನ ಅಗೆತಕ್ಕೂ ಇವನ ಅಗೆತಕ್ಕೂ ವ್ಯತ್ಯಾಸವಿತ್ತು. ನಿಧಿಗಳ್ಳನಿಗೆ ಮಣ್ಣು ಅಡ್ಡಿ, ಆದಷ್ಟು ಬೇಗ ಎತ್ತಿ ಎಸೆಯಬೇಕಾದದ್ದು. ಟೇಲರನಿಗೆ ಮಣ್ಣೇ ಸಾಕ್ಷಿ. ಮೇಲಿನ ಪದರದಲ್ಲಿ ಏನಿತ್ತು, ಅದರ ಕೆಳಗೆ ಏನಿತ್ತು, ಮಡಕೆ ಯಾವ ಆಳದಲ್ಲಿ, ಕಬ್ಬಿಣದ ಭರ್ಚಿಯ ಮೊನೆ ಯಾವ ಮಗ್ಗುಲಲ್ಲಿ ಎಂಬುದನ್ನೆಲ್ಲ ಬರೆದಿಟ್ಟ. ಗೋರಿಯನ್ನು ಮೇಲಿನಿಂದ ಕೆಳಕ್ಕೆ ಹಣ್ಣು ಸೀಳಿದಂತೆ ಸೀಳಿ ತೋರಿಸುವ ನಕ್ಷೆಗಳನ್ನು ಬರೆದ. ಕೆಲವು ಕಡೆ ರುಂಡ ಒಂದು ದಿಕ್ಕಿಗೆ, ಮುಂಡ ಒಂದು ದಿಕ್ಕಿಗೆ ಬಿದ್ದಿದ್ದ ಅಸ್ಥಿಗಳು ಸಿಕ್ಕವು. ಇದು ನರಬಲಿ ಎಂದು ಅವನು ಬಗೆದ. ಈ ಬರಹಗಳು 1850ರ ದಶಕದಿಂದ ಮುಂಬಯಿಯಲ್ಲೂ ಡಬ್ಲಿನ್ನಿನಲ್ಲೂ ವಿದ್ವತ್ ಸಂಸ್ಥೆಗಳ ಪತ್ರಿಕೆಗಳಲ್ಲಿ ಪ್ರಕಟವಾದವು.

ಅವನ ನಕ್ಷೆಗಳ ಬೆಲೆ ತಿಳಿದದ್ದು ಸುಮಾರು ನೂರು ವರ್ಷಗಳ ನಂತರ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ಅಗೆದು, ದಕ್ಷಿಣ ಭಾರತದ ಬೃಹತ್ ಶಿಲಾ ಸಮಾಧಿಗಳಿಗೆ ಮೊದಲ ಬಾರಿಗೆ ಒಂದು ಕಾಲಾನುಕ್ರಮ ಕೊಟ್ಟ. ಅಶೋಕನ ಶಾಸನವನ್ನು 1892ರಲ್ಲಿ ಬಿ.ಎಲ್. ರೈಸ್ ಪತ್ತೆಹಚ್ಚಿದ ಜಾಗವೂ ಇದೇ. ಪದರ ಪದರವಾಗಿ ಅಗೆಯಬೇಕೆಂದು ನಮ್ಮ ದೇಶದ ಒಂದು ತಲೆಮಾರಿಗೇ ಕಲಿಸಿದ ಈ ವ್ಹೀಲರ್ ಸುಲಭಕ್ಕೆ ಯಾರನ್ನೂ ಹೊಗಳುವವನಲ್ಲ. ಆದರೆ ತನಗಿಂತ ಸುಮಾರು ನೂರು ವರ್ಷ ಮೊದಲು ಜೇವರ್ಗಿಯಲ್ಲಿ ಅಗೆದ ಟೇಲರನ ನಕ್ಷೆಗಳನ್ನು ತನ್ನ ಪುಸ್ತಕದಲ್ಲಿ ಮೆಚ್ಚಿ ಎತ್ತಿ ತೋರಿಸಿದ.

ಕೈ ಸರಿಯಾಗಿತ್ತು, ತೀರ್ಮಾನ ತಪ್ಪಿತ್ತು. ಟೇಲರನಿಗೆ ಈ ಗೋರಿಗಳು ಇಂಗ್ಲೆಂಡ್, ಫ್ರಾನ್ಸುಗಳ ಹಳೆಯ ಕಲ್ಲುಗೋರಿಗಳಂತೆಯೇ ಕಂಡವು. ಕೆಲ್ಟರೋ ಸಿಥಿಯನ್ನರೋ, ಅಂತೂ ತನ್ನ ಪೂರ್ವಜರಿಗೆ ನಂಟಿನ ಜನರೇ ಎಂದೋ ಇಲ್ಲಿಗೆ ಬಂದು ಸತ್ತಿದ್ದಾರೆಂದು ನಂಬಿದ. ಇದು ಇಲ್ಲಿಯ ಕಬ್ಬಿಣ ಯುಗದ ಜನರ ಸಂಸ್ಕೃತಿ, ಇದರ ಆರಂಭ ಕ್ರಿ.ಪೂ. 1000ದ ಆಚೆಗೂ ಹೋಗುತ್ತದೆ ಎಂಬುದು ಇಂದಿನ ತಿಳಿವು. ತಪ್ಪಿಗಾಗಿ ಅವನನ್ನು ದೂರಬೇಕಿಲ್ಲ, ಆ ಕಾಲದ ಪಂಡಿತರೆಲ್ಲ ಹಾಗೇ ಯೋಚಿಸುತ್ತಿದ್ದರು. ಆದರೆ ಒಂದು ಮಾತು ನಮ್ಮನ್ನು ಕಾಡುತ್ತದೆ. ಸುರಪುರದ ಮಣ್ಣಿನಲ್ಲಿ ಮೂರು ಸಾವಿರ ವರ್ಷದ ಹಿಂದಿನ ರಕ್ತಸಂಬಂಧವನ್ನು ತಡಕಾಡಿದ ಈ ಮನುಷ್ಯನಿಗೆ, ಹಿಂದುಸ್ತಾನದ ಜತೆ ನಿಜವಾದ ರಕ್ತಸಂಬಂಧ ತನ್ನ ಮನೆಯೊಳಗೇ ಇತ್ತು.

ಅವನ ಹೆಂಡತಿ ಮೇರಿ ಪಾಮರ್. ಹೈದರಾಬಾದಿನ ಹೆಸರಾಂತ ಲೇವಾದೇವಿಗಾರ ವಿಲಿಯಂ ಪಾಮರನ ಮಗಳು. ಆ ವಿಲಿಯಂನ ತಾಯಿ ಫೈಜ್ ಬಕ್ಷ್ ಬೇಗಂ. ತಂದೆ, ಕಂಪನಿಯ ಸೇನೆಯ ಜನರಲ್ ಪಾಮರ್. 1780ರ ದಶಕದಲ್ಲಿ ಬಿಡಿಸಿದ ಈ ಕುಟುಂಬದ ದೊಡ್ಡದೊಂದು ತೈಲಚಿತ್ರ ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿದೆ. ನಡುವೆ ಬೇಗಂ ನೆಲದ ಮೇಲೆ ಕುಳಿತಿದ್ದಾಳೆ, ಮಡಿಲಲ್ಲಿ ಕೂಸು, ಪಕ್ಕದಲ್ಲಿ ಕೆಂಪು ಕೋಟಿನ ಗಂಡ, ಮಕ್ಕಳು, ಸುತ್ತ ಹೆಂಗಸರು. ಅಲ್ಲಿರುವ ಎಳೆಯ ಹುಡುಗನೇ ಮುಂದೆ ಟೇಲರನ ಮಾವನಾದವನು. ಜನರಲ್ ಪಾಮರ್ ತನ್ನ ಉಯಿಲಿನಲ್ಲಿ ಬೇಗಮಳನ್ನು ಮೂವತ್ತೈದು ವರ್ಷಕ್ಕೂ ಮೀರಿದ ಸಂಗಾತಿ ಎಂದು ಪ್ರೀತಿಯಿಂದ ನೆನೆದ. ಗಂಡ ಸತ್ತ ಮೇಲೆ ಆಕೆ ಹೈದರಾಬಾದಿನಲ್ಲಿ ಮಗನ ಆಸರೆಯಲ್ಲಿದ್ದಳು. ಇಂಥ ಅಜ್ಜಿಯ ಮೊಮ್ಮಗಳು ಮೇರಿ. ಟೇಲರ್ ಸುರಪುರದಲ್ಲಿ ಕಾಲೂರಿದ ಕೆಲವೇ ವರ್ಷಗಳಲ್ಲಿ, 1844ರಲ್ಲಿ, ಆಕೆ ತೀರಿಕೊಂಡಳು.

ಟೇಲರನ ಆತ್ಮಕಥೆ ದಪ್ಪ ಪುಸ್ತಕ. ಹುಲಿ ಬೇಟೆ ಇದೆ, ಕಂದಾಯದ ಲೆಕ್ಕವಿದೆ, ಠಕ್ಕರಿದ್ದಾರೆ, ದರ್ಬಾರಿದೆ. ಮೇರಿಗೆ ಸಿಕ್ಕಿರುವ ಜಾಗ ತೀರ ಕಡಿಮೆ.

ಆದರೆ ಮನುಷ್ಯ ಎದುರುಬಾಗಿಲಿನಿಂದ ಹೊರಗಟ್ಟಿದ್ದು ಹಿಂಬಾಗಿಲಿನಿಂದ ಕಥೆಗೆ ಬರುತ್ತದೆ. ಇದು ಕಥೆ ಬರೆಯುವ ನಮಗೂ ಗೊತ್ತು. 1863ರಲ್ಲಿ ಬಂದ ಅವನ 'ತಾರಾ' ಕಾದಂಬರಿ ನಡೆಯುವುದು 1657ರಲ್ಲಿ, ಬಿಜಾಪುರದ ಆದಿಲ್‌ಶಾಹಿಗಳು ಮತ್ತು ಶಿವಾಜಿಯ ಸಂಘರ್ಷದ ನಡುವೆ. ತಾರಾ ತುಳಜಾಪುರದ ಬ್ರಾಹ್ಮಣ ಶಾಸ್ತ್ರಿಯ ಮಗಳು, ಬಾಲವಿಧವೆ, ಭವಾನಿಗೆ ಮುಡಿಪಾದವಳು. ಅವಳನ್ನು ಮೆಚ್ಚುವವನು ಫಾಜಿಲ್ ಖಾನ್. ಯಾರ ಮಗ? ಅಫ್ಜಲ್ ಖಾನನ ಮಗ! ನಮ್ಮ ಬೀದಿಗಳಲ್ಲಿ ಇಂದು ಬೈಗುಳದಂತೆ ಬಳಕೆಯಾಗುವ ಹೆಸರಿನವನ ಮನೆಯೊಳಕ್ಕೆ ಟೇಲರ್ ಓದುಗನನ್ನು ಕರೆದೊಯ್ಯುತ್ತಾನೆ. ಅಲ್ಲಿ ತಂದೆ, ಮಗ, ಮಗಳು, ಹೆಂಡತಿ ಮಾತಾಡುತ್ತಾರೆ, ಮುನಿಯುತ್ತಾರೆ, ನಗುತ್ತಾರೆ. ಸತಿ ಹೋಗಬೇಕಾದ ಚಿತೆಯಿಂದ ತಾರಾಳನ್ನು ಫಾಜಿಲ್ ಪಾರುಮಾಡುತ್ತಾನೆ, ಮದುವೆಯೂ ಆಗುತ್ತದೆ. ವಿಕ್ಟೋರಿಯಾ ಕಾಲದ ಬಿಗಿ ಅವನ ಬರವಣಿಗೆಗೂ ಇದೆ, ಆದರೂ ಕೈ ತಡೆಯದು. ಮಲ್ಲಿಗೆಯ ಹಾರ, ಅತ್ತರಿನ ಘಮ, ಬೆಳದಿಂಗಳಲ್ಲಿ ಹೊಳೆಯುವ ಸೀರೆಯ ಅಂಚು, ಮುಸುಕಿನ ಮರೆಯ ಉಸಿರು ಎಲ್ಲವೂ ಗೋರಿಯ ಮಡಕೆಗಳಷ್ಟೇ ಎಚ್ಚರದಿಂದ ಪಟ್ಟಿಯಾಗುತ್ತವೆ. ಗೋರಿ ಅಗೆದವನ ಕಣ್ಣೇ ಜನಾನಾದೊಳಗೂ ಇಣುಕಿದೆ. ಒಮ್ಮೊಮ್ಮೆ ಬೇಡದಷ್ಟು.

ಇದನ್ನು ಓದಿ ಹಿಗ್ಗುವ ಮುಸ್ಲಿಂ ಓದುಗರಿಗೆ ಎರಡು ಮಾತು ಹೇಳಬೇಕು. ಒಂದು, ಇದೇ ಟೇಲರ್ 1840ರಲ್ಲಿ ಬರೆದ 'ಟಿಪ್ಪು ಸುಲ್ತಾನ್' ಕಾದಂಬರಿಯಲ್ಲಿ ಟಿಪ್ಪುವನ್ನು ಕ್ರೂರಿಯಾಗಿ ಚಿತ್ರಿಸಿದ್ದಾನೆ. ಗೆದ್ದವರ ಮಸಿ ಅದು. ಎರಡನೆಯದು ದಾದಿಯ ಪ್ರಶ್ನೆಗೆ ಸಂಬಂಧಿಸಿದ್ದು, ಅದೇ ಮುಖ್ಯ.

ಬಂಗಾಳದಲ್ಲಿ 1865ರಲ್ಲಿ ಬಂಕಿಮಚಂದ್ರರ 'ದುರ್ಗೇಶನಂದಿನಿ' ಬಂತು. ಬಿ. ವೆಂಕಟಾಚಾರ್ಯರಿಂದಾಗಿ 19ನೇ ಶತಮಾನ ಮುಗಿಯುವ ಮೊದಲೇ ಅದು ಕನ್ನಡಕ್ಕೂ ಬಂತು. ಅಲ್ಲಿ ಪಠಾಣ ನವಾಬನ ಮಗಳು ಆಯೆಷಾ ರಜಪೂತ ಜಗತ್‌ಸಿಂಹನಿಗೆ ಮನಸೋಲುತ್ತಾಳೆ, ತ್ಯಾಗ ಮಾಡಿ ಸರಿಯುತ್ತಾಳೆ. ಲಖನೌದ ಅಬ್ದುಲ್ ಹಲೀಂ ಶರರ್ ವಾಲ್ಟರ್ ಸ್ಕಾಟನ ಕ್ರುಸೇಡಿನ ಕಾದಂಬರಿಯನ್ನು ಓದಿ, ಅದರಲ್ಲಿ ಮುಸ್ಲಿಮರ ಚಿತ್ರಣ ಕಂಡು ಕೆರಳಿ, ಉತ್ತರವಾಗಿ 1888ರಲ್ಲಿ 'ಮಲಿಕುಲ್ ಅಜೀಜ್ ವರ್ಜಿನಾ' ಬರೆದರು. ಅಲ್ಲಿ ಸುಲ್ತಾನ್ ಸಲಾಹುದ್ದೀನನ ಮಗನ ಕಡೆಗೆ ಒಲಿದು ಬರುವವಳು ಕ್ರೈಸ್ತ ಹುಡುಗಿ. ನಮ್ಮ ಎದೆ ಉಬ್ಬಿಸಿದ ಕಥೆಗಳ ಮೂಲತಾಯಿ ಇದೇ. 1899ರ 'ಫಿರ್ದೌಸೆ ಬರೀಂ' ಕಾದಂಬರಿಯಲ್ಲಿ ಶರರ್ ಹಸನ್ ಬಿನ್ ಸಬ್ಬಾಹನ ಕೃತಕ ಸ್ವರ್ಗವನ್ನೇ ಕಟ್ಟಿ, ಹಾಲಿನ ಹೊಳೆ, ಅಪ್ಸರೆಯರ ಮೋಹದಲ್ಲಿ ಓದುಗನನ್ನು ತೇಲಿಸಿದರು. ಅದು ಅವರ ಉತ್ತಮ ಕೃತಿ, ಏಕೆಂದರೆ ಅಲ್ಲಿ ಅವರಿಗೆ ಯಾರನ್ನೂ ಸೋಲಿಸುವ ಹಟವಿಲ್ಲ.

ಬಂಕಿಮರಲ್ಲಿ ಮನಸೋಲುವವಳು ಮುಸ್ಲಿಂ ಹೆಣ್ಣು. ಶರರ್‌ರಲ್ಲಿ ಕ್ರೈಸ್ತ ಹೆಣ್ಣು. ಟೇಲರನಲ್ಲಿ ಹಿಂದೂ ಹೆಣ್ಣು. ಬರೆದವನ ಮನೆಯ ಹುಡುಗಿ ಗಡಿ ದಾಟಿದ ಕಥೆ ಮಾತ್ರ ಕಾಣುವುದಿಲ್ಲ. ಗಡಿ ದಾಟಬೇಕಾದವಳು ಸದಾ ಎದುರು ಮನೆಯವಳು, ಗೆಲ್ಲುವವನು ಸದಾ ನಮ್ಮ ಹುಡುಗ ಅಥವಾ ನಾವು ಮೆಚ್ಚಿದ ಹುಡುಗ. ಮೂವರೂ ಒಬ್ಬರನ್ನೊಬ್ಬರು ಭೇಟಿಯಾದವರಲ್ಲ, ಆದರೂ ಲೆಕ್ಕ ಒಂದೇ. ನಾವು ಕಥೆ ಬರೆಯಲು ಶುರುಮಾಡಿದ ದಿನಗಳಲ್ಲಿ ಹೆಮ್ಮೆಯಿಂದ ಬರೆದ ಸಾಮರಸ್ಯದ ಕಥೆಯಲ್ಲೂ ಹುಡುಗ ನಮ್ಮವನೇ ಆಗಿದ್ದ. ಹುಡುಗಿಗೆ ಅಮ್ಮನನ್ನು ನಾವೂ ಇಟ್ಟಿರಲಿಲ್ಲ. ಇಂದು ಟಿ.ವಿ. ಚರ್ಚೆಗಳಲ್ಲಿ ಎರಡು ಧರ್ಮದ ಹುಡುಗ ಹುಡುಗಿಯ ಮದುವೆ ಯುದ್ಧದ ಸುದ್ದಿಯಂತೆ ಬಿತ್ತರವಾಗುವಾಗ, ಆ ಯುದ್ಧದ ಭಾಷೆಯನ್ನು ಒಂದೂವರೆ ಶತಮಾನದಿಂದ ಪ್ರೇಮಕಾದಂಬರಿಗಳೇ ಕಲಿಸಿವೆಯೇನೋ ಎಂದು ಅಳುಕಾಗುತ್ತದೆ.

ಟೇಲರನ ಲೆಕ್ಕ ಬಯಲಾಗುವುದು 1872ರ 'ಸೀತಾ' ಕಾದಂಬರಿಯಲ್ಲಿ. ಇದು 1857ರ ದಂಗೆಯ ಕಾಲದ ಕಥೆ. ಸಿರಿಲ್ ಬ್ರಾಂಡನ್ ಎಂಬ ಇಂಗ್ಲಿಷ್ ಅಧಿಕಾರಿ ಸೀತಾ ಎಂಬ ಹಿಂದೂ ವಿಧವೆಯನ್ನು ಮದುವೆಯಾಗುತ್ತಾನೆ. ಆ ದಿನಗಳಲ್ಲಿ, ದಂಗೆಯ ಸೇಡು ಇನ್ನೂ ಆರದಿದ್ದಾಗ, ಹೀಗೆ ಬರೆಯಲು ಧೈರ್ಯ ಬೇಕಿತ್ತು. ಆದರೆ ಕೊನೆಗೆ ಸೀತಾ ಗಂಡನನ್ನು ಉಳಿಸಲು ಹೋಗಿ ಸಾಯುತ್ತಾಳೆ, ಅವನು ಇಂಗ್ಲಿಷ್ ಹೆಣ್ಣನ್ನು ಮದುವೆಯಾಗುತ್ತಾನೆ. ಬಿಜಾಪುರದ ಮುಸ್ಲಿಂ ಮನೆಗೆ ಬಂದ ಬ್ರಾಹ್ಮಣ ಹುಡುಗಿ ಬದುಕಬಹುದು, ಇಂಗ್ಲಿಷ್ ಮನೆಗೆ ಬಂದ ಹಿಂದೂ ಹೆಣ್ಣು ಬದುಕಬಾರದು. ಬೇಗಮಳ ಮೊಮ್ಮಗಳ ಜತೆ ಬಾಳಿದವನೇ ಹೀಗೆ ಬರೆದನಲ್ಲ! ಫೈಜ್ ಬಕ್ಷ್ ಬೇಗಂ ಜನರಲ್‌ನ ಪಕ್ಕದಲ್ಲಿ ಕುಳಿತು ಚಿತ್ರ ಬರೆಸಿಕೊಂಡ ಕಾಲ ಮುಗಿದು, ಅಂಥ ಹೆಂಡತಿಯರನ್ನು ಮರೆಮಾಡುವ ಕಾಲ ಬಂದಿತ್ತು.

ಸುರಪುರದ ಕಥೆಯೂ ಒಂದು ಅರ್ಥದಲ್ಲಿ ಹೀಗೆಯೇ ಮುಗಿಯಿತು. ಬಾಲಕ ರಾಜ ಬೆಳೆದು 1858ರಲ್ಲಿ ಇಂಗ್ಲಿಷರ ವಿರುದ್ಧ ಎದ್ದ, ಸಿಕ್ಕಿಬಿದ್ದ. ಮರಣದಂಡನೆ ತಗ್ಗಿ ಕೆಲವು ವರ್ಷಗಳ ಸೆರೆಯಾಯಿತು. ಇದಕ್ಕೆ ಟೇಲರನ ಮಾತೂ ಕಾರಣ. ಆದರೆ ಸೆರೆಗೆ ಒಯ್ಯುವ ದಾರಿಯಲ್ಲಿ ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಗುಂಡು ಹಾರಿ ವೆಂಕಟಪ್ಪ ನಾಯಕ ಸತ್ತ. ಟೇಲರ್ ಇದನ್ನು ಬರೆಯುವಾಗ ಮಗನನ್ನು ಕಳೆದುಕೊಂಡವನ ದನಿ ಕೇಳುತ್ತದೆ. ಅದೇ ಪುಸ್ತಕದಲ್ಲಿ ಆ ಹುಡುಗನ ತಾಯಿ ರಾಣಿ ಈಶ್ವರಮ್ಮಳನ್ನು ಮಾತ್ರ ಕಾಮುಕಿ, ಕುತಂತ್ರಿ ಎಂಬಂತೆ ಬಣ್ಣಿಸುತ್ತಾನೆ. ಆಕೆ ಆಳಬೇಕಾದ ನಾಡನ್ನು ತಾನು ಆಳುತ್ತಿದ್ದವನು ಬರೆದದ್ದು ಇದು ಎಂಬುದನ್ನು ಮರೆಯದೆ ಓದಬೇಕು. ಕಾದಂಬರಿಯಲ್ಲಿ ರಮ್ಯವಾಗಿ ಕಂಡ ಹೆಣ್ಣಿನ ಆಸೆ, ಆಡಳಿತದ ಕಡತಕ್ಕೆ ಬಂದಾಗ ಅಪರಾಧವಾಗುತ್ತದೆ. ಈಶ್ವರಮ್ಮ ಏನು ಹೇಳಿದಳು ಎಂಬುದು ಆ ಪುಸ್ತಕದಲ್ಲಿ ಅವನ ಬಾಯಿಂದ ಮಾತ್ರ ಕೇಳಿಸುತ್ತದೆ.

ಕೊನೆಯ ಕಾಲದಲ್ಲಿ ಟೇಲರನ ಕಣ್ಣು ಮಂಜಾಯಿತು. ಚಾಂದ್ ಬೀಬಿಯ ಕಾಲದ 'ಎ ನೋಬಲ್ ಕ್ವೀನ್' ಅವನ ಕಡೆಯ ಕಾದಂಬರಿ. ಕೃಷ್ಣೆಯ ಜಲದುರ್ಗದ ಭೋರ್ಗರೆತವನ್ನು ಅವನು ನೆನಪಿನಿಂದಲೇ ಅದರಲ್ಲಿ ತಂದ. ಅದು ಪುಸ್ತಕವಾಗುವ ಮೊದಲೇ, 1876ರಲ್ಲಿ, ಫ್ರಾನ್ಸಿನ ಮೆಂಟನ್ನಿನಲ್ಲಿ ತೀರಿಕೊಂಡ. ಮರುವರ್ಷ ಆತ್ಮಕಥೆಯನ್ನು ಸಂಪಾದಿಸಿ ಹೊರತಂದವಳು ಮಗಳು ಆಲಿಸ್. ಫೈಜ್ ಬಕ್ಷ್ ಬೇಗಮಳ ಮರಿಮೊಮ್ಮಗಳು. ಅಪ್ಪನ ಕಾಗದಗಳನ್ನು ಜೋಡಿಸುತ್ತ ಕುಳಿತ ಅವಳ ಮುಂದೆ ಹುಲಿಗಳಿದ್ದವು, ರಾಜರಿದ್ದರು, ಜೇವರ್ಗಿಯ ಗೋರಿಗಳಿದ್ದವು. ಅಮ್ಮನ ಬಗ್ಗೆ ಕೆಲವೇ ಸಾಲುಗಳಿದ್ದವು. ನಮ್ಮ ದಾದಿ ಅಲ್ಲಿ ಇದ್ದಿದ್ದರೆ ಎಲೆಯನ್ನು ಒಂದು ಕಡೆಗೆ ಸರಿಸಿ ಅವಳನ್ನೇ ಕೇಳುತ್ತಿದ್ದಳ.